ಸುತ್ತು ಹಾಕುವ ತೊಟ್ಟಿಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಾಕಾಗಿದೆ. ಏನು ಸಾಕಾಗಿದೆ ಅಂದರೆ ಎಲ್ಲವೂ. ಎದ್ದರೆ ಮೊಣಕಾಲು ನೋವು, ಕೂತರೆ ಸೊಂಟ ನೋವು, ಮಲಗಿದರೆ ನಿದ್ದೆ ಇಲ್ಲ. ಆದರೂ ಮಾನ್ವಿಯ ನಮ್ಮ ಓಣಿಯ ಸುತ್ತಮುತ್ತ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಒಬ್ಬರಲ್ಲ ಒಬ್ಬರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ರಂಜಾನಬಿ, ನಾಳಿಂದ ಬರ್ತೀಯಲ್ಲ?" ಅನ್ನುತ್ತಾರೆ. "ಬರೂದಿಲ್ಲ, ನನಗೇನು ಜೀವ ಇಲ್ಲೇನು?" ಎಂದು ಬೈಯುತ್ತೇನೆ. ಬೈದು, ಮರುದಿನ ಹೊತ್ತು ಏರುವುದರೊಳಗೆ ಅವರ ಬಚ್ಚಲಲ್ಲಿ ಕೂತಿರುತ್ತೇನೆ.

ಕೂಸಿಗೆ ಎರೆಯುವುದು ನನ್ನ ಕೆಲಸ. ನಮ್ಮ ಅಮ್ಮ ಮಾಡುತ್ತಿದ್ದಳು, ಅವಳ ಕೈಯಿಂದ ನನ್ನ ಕೈಗೆ ಬಂತು. ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಳ್ಳಬೇಕು. ಎಣ್ಣೆ ತಿಕ್ಕಬೇಕು, ಕಡಲೆಹಿಟ್ಟು ಹಚ್ಚಬೇಕು, ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ನೋಡಿ ತಂಬಿಗೆಯಿಂದ ಸುರಿಯಬೇಕು. ಆಮೇಲೆ ಒರೆಸಿ, ಲೋಬಾನದ ಹೊಗೆ ಹಿಡಿದು, ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕಿದರೆ ಕೂಸು ಊಟದ ಹೊತ್ತಿನವರೆಗೂ ಕಣ್ಣು ತೆರೆಯುವುದಿಲ್ಲ. ಲಿಂಗಾಯತರ ಮನೆ, ಕೋಮಟಿಗರ ಮನೆ, ನಮ್ಮ ಜನರ ಮನೆ, ಎಲ್ಲ ಕಡೆ ಹೋಗಿದ್ದೇನೆ. ಬಚ್ಚಲಲ್ಲಿ ಎಲ್ಲ ಕೂಸುಗಳೂ ಒಂದೇ ಥರ ಕಿರುಚುತ್ತವೆ.

ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ನನಗೆ ಹೆಸರು ಬಂದದ್ದು ಎತ್ತಿ ಹಾಕುವುದರಿಂದ. ಕೂಸಿನ ಕುತ್ತಿಗೆ ನಿಂತ ಮೇಲೆ, ಇನ್ನು ನನ್ನ ಕೆಲಸ ಮುಗಿಯಿತು ಅನ್ನುವ ದಿನ, ಮನೆಯವರನ್ನೆಲ್ಲ ಪಡಸಾಲೆಗೆ ಕರೆದು ಕೂಸನ್ನು ಮೂರು ಸಲ ಮೇಲಕ್ಕೆ ಹಾರಿಸಿ ಹಿಡಿಯುತ್ತೇನೆ. ಹಾಗೆ ಮಾಡಿದರೆ ಕೂಸಿನ ಅಂಜಿಕೆ ಹೋಗುತ್ತದೆ ಎಂದು ನಮ್ಮ ಅಮ್ಮ ಹೇಳುತ್ತಿದ್ದಳು, ಊರವರೂ ನಂಬಿದ್ದರು. ನನ್ನಷ್ಟು ಎತ್ತರಕ್ಕೆ ಯಾರೂ ಹಾರಿಸುತ್ತಿರಲಿಲ್ಲ. ಕೂಸು ತೊಲೆಗೆ ಬಡಿಯುತ್ತದೇನೋ ಅನ್ನಿಸಬೇಕು, ಅಷ್ಟು. ಇಷ್ಟು ವರ್ಷದಲ್ಲಿ ಒಂದು ಕೂಸೂ ಕೈತಪ್ಪಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ನನಗೇನು.

ಕಣ್ಣಿಗೆ ಪೊರೆ ಬಂದದ್ದನ್ನು ಮೊದಲು ಹಿಡಿದವಳು ಸೊಸೆ ನಿಗಾರ್. ಅಕ್ಕಿ ಆರಿಸಲು ಕೂತ ನಾನು ಕಲ್ಲು ಬಿಟ್ಟು ಅಕ್ಕಿಯನ್ನೇ ಎಸೆಯುತ್ತಿದ್ದೆನಂತೆ. ನಮ್ಮ ಮನೆಮಾತು ದಖನಿ. ಅವಳು ದಖನಿಯಲ್ಲಿ ಬೈದದ್ದನ್ನು ಕನ್ನಡದಲ್ಲಿ ಹೇಳಿದರೆ ಅರ್ಧ ಖಾರ ಹೋಗುತ್ತದೆ, ಇರಲಿ. ಊರಿಗೆ ಕಣ್ಣಿನ ಕ್ಯಾಂಪಿನವರು ಬಂದಾಗ ಅವಳೇ ಹೆಸರು ಬರೆಸಿದಳು, ಅವಳೇ ರಾಯಚೂರಿಗೆ ಕರೆದೊಯ್ದಳು. ಬಲಗಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ, ಗೋಡೆ ಇಷ್ಟು ಹೊಲಸಾಗಿದೆಯಲ್ಲೇ ಎಂದು ಅವಳನ್ನೇ ಬೈದೆ. "ಅಮ್ಮೀ, ಗೋಡಿ ಎರಡು ವರ್ಷದಿಂದ ಹಂಗೇ ಅದ, ನಿಮಗ ಇವತ್ತು ಕಂಡದ," ಎಂದು ನಕ್ಕಳು.

ತಿಂಗಳು ಬಿಟ್ಟು ಎಡಗಣ್ಣಿಗೂ ಬಾ ಎಂದಿದ್ದರು. ನಾನು ಹೋಗಲಿಲ್ಲ. ಒಂದು ಕಣ್ಣು ನಿಚ್ಚಳ ಕಾಣುತ್ತದಲ್ಲ, ಇನ್ನೊಂದು ಯಾಕೆ ಬೇಕು? ಮನೆಯಲ್ಲಿ ಒಂದು ಬಲ್ಬು ಉರಿದರೆ ಸಾಲದೇ? ಅದೂ ಅಲ್ಲದೆ ಆಪರೇಷನ್ ಆದರೆ ವಾರಗಟ್ಟಲೆ ನೀರು ಸಿಡಿಯಬಾರದು, ಹೊಗೆ ತಾಕಬಾರದು, ಬಗ್ಗಬಾರದು. ನನ್ನ ಕೆಲಸದಲ್ಲಿ ಇರುವುದೇ ನೀರು, ಹೊಗೆ, ಬಗ್ಗುವುದು. ಮೊದಲನೆಯದಕ್ಕೆ ಮನೆಯಲ್ಲಿ ಕರಿ ಚಷ್ಮಾ ಹಾಕಿಕೊಂಡು ಕೂತು ಕೂತು ತಲೆ ಕೆಟ್ಟುಹೋಗಿತ್ತು. ಮತ್ತೊಮ್ಮೆ ಅಂದರೆ ಯಾರಿಗೆ ಬೇಕು!

ಅಷ್ಟರಲ್ಲಿ ಬಸವಂತಮ್ಮನವರ ಮಗಳು ಹೆರಿಗೆಗೆ ಬಂದಳು. ಬಸವಂತಮ್ಮನವರದು ಅಕ್ಕಿ ಗಿರಣಿಯ ಮನೆ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ. ಮಗಳು ಐಶ್ವರ್ಯಳನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಲಿಲ್ಲ. ಆಸ್ಪತ್ರೆಗೆ ಅಲೆದದ್ದೆಷ್ಟು, ಹರಕೆ ಹೊತ್ತದ್ದೆಷ್ಟು, ಎಲ್ಲ ಆಗಿ ಕೊನೆಗೊಂದು ಹೆಣ್ಣು ಕೂಸು. ಆ ಐಶ್ವರ್ಯಳಿಗೂ ಎರೆದವಳು ನಾನೇ, ಅವಳನ್ನು ಎತ್ತಿ ಹಾಕಿದವಳೂ ನಾನೇ. ಹೀಗಿರುವಾಗ ಬರುವುದಿಲ್ಲ ಅನ್ನಲು ಬಾಯಿ ಬಂದೀತೇ? ಬೈಯಲೂ ಮನಸ್ಸಾಗಲಿಲ್ಲ.

ಮೊದಲ ಎರಡು ತಿಂಗಳು ಎಲ್ಲ ಸುಸೂತ್ರ ನಡೆಯಿತು. ಸಣ್ಣಪುಟ್ಟದ್ದು ಇದ್ದೇ ಇತ್ತು. ನಿಗಾರ್ ಹಿಡಿದ ಕಪ್ಪಿಗೆ ಚಹಾ ಸುರಿದರೆ ಅದು ಅವಳ ಬೆರಳ ಮೇಲೆ ಬೀಳುತ್ತಿತ್ತು. ರಸ್ತೆ ದಾಟುವಾಗ ಒಂದು ಕಡೆಯಿಂದ ಬರುವ ಮೋಟರ್ ಸೈಕಲ್ ಮೈಮೇಲೇ ಬಂದಂತಾಗುತ್ತಿತ್ತು, ಇನ್ನೊಂದು ಕಡೆಯಿಂದ ಬರುವುದು ದೂರದಲ್ಲಿದೆ ಅನ್ನಿಸುತ್ತಿತ್ತು. ಅದರ ಹಾರ್ನ್ ಕಿವಿಯ ಹತ್ತಿರವೇ ಕೇಳಿದಾಗ ಎದೆ ಧಸಕ್ಕೆನ್ನುತ್ತಿತ್ತು. ಈಗಿನ ಹುಡುಗರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಬೈದುಕೊಂಡು ಮುಂದೆ ಹೋಗುತ್ತಿದ್ದೆ.

ಒಂದು ದಿನ ಕೂಸಿಗೆ ಎರೆದು, ಹೊಗೆ ಹಿಡಿದು, ಐಶ್ವರ್ಯಳ ಕೈಗೆ ಕೊಟ್ಟು ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕೂತೆ. ಅವಳು ಕೂಸನ್ನು ತೊಟ್ಟಿಲಿಗೆ ಹಾಕಿ ತೂಗತೊಡಗಿದಳು. ಪಡಸಾಲೆಯ ತೊಲೆಗೆ ಹಿತ್ತಾಳೆಯ ಸರಪಳಿಯಿಂದ ತೂಗುಬಿಟ್ಟ ಹಳೇ ತೊಟ್ಟಿಲು ಅದು. ನಾನು ಕೂತಲ್ಲಿಂದ ನೋಡಿದರೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೋಗಬೇಕು, ಅಷ್ಟೆ. ಆದರೆ ಅದು ಹಾಗೆ ಹೋಗುತ್ತಿರಲಿಲ್ಲ. ಹೋಗುವಾಗ ಆಚೆ ಗೋಡೆಯ ಕಡೆಯಿಂದ ಹೋಗಿ, ಬರುವಾಗ ನನ್ನ ಕಾಲ ಹತ್ತಿರದಿಂದ ಬರುತ್ತಿತ್ತು. ಗಾಣದ ಎತ್ತಿನ ಹಾಗೆ ದುಂಡಗೆ ಸುತ್ತುತ್ತಿತ್ತು. ನಾನು ಗಕ್ಕನೆ ಕಾಲು ಮಡಚಿಕೊಂಡೆ.

"ಯಾಕ ರಂಜಾನಬಿ, ಇರುವಿ ಕಡೀತೇನು?" ಬಸವಂತಮ್ಮನವರು ಕೇಳಿದರು.

"ತೊಟ್ಟಿಲು ಬಡೀತಿತ್ತಲ್ರೀ ಅಕ್ಕಾರ. ಹಿಂಗ ದುಂಡಗ ತೂಗಿದರ ಕೂಸಿಗೆ ತಲಿ ತಿರಗೂದಿಲ್ಲೇನು?"

"ತೊಟ್ಟಿಲು ಎಲ್ಲದ, ನೀ ಎಲ್ಲಿದ್ದಿ! ನೆಟ್ಟಗ ತೂಗಾಕತ್ತಾಳಲ್ಲ ಆಕಿ."

ಐಶ್ವರ್ಯ ತೂಗುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ನಕ್ಕು ಮಾತು ತೇಲಿಸಿದೆ. ಲೋಬಾನದ ಹೊಗೆ ಬಲಗಣ್ಣಿಗೆ ಹೋಗಿ ಉರಿಯುತ್ತಿತ್ತು. ಸೆರಗಿನಿಂದ ಅದನ್ನು ಒತ್ತಿ ಹಿಡಿದು ಎಡಗಣ್ಣಿನಿಂದಲೇ ನೋಡಿದೆ. ಮಸುಕು ಮಸುಕಾಗಿ ಕಂಡರೂ ತೊಟ್ಟಿಲು ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತಿತ್ತು. ಇದೇನಪ್ಪಾ ಎಂದು ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದೆ. ಆಗಲೂ ನೆಟ್ಟಗೆ. ಎರಡೂ ತೆರೆದರೆ ಮತ್ತೆ ದುಂಡಗೆ. ಬಿಡಿಬಿಡಿಯಾಗಿ ಕೇಳಿದರೆ ಎರಡು ಕಣ್ಣೂ ನಿಜ ಹೇಳುತ್ತವೆ, ಜೊತೆಗೆ ಕೂಡಿಸಿದರೆ ಸುಳ್ಳು ಹೇಳುತ್ತವೆ! ನನಗೆ ಬೆವರು ಬಂತು. ತೊಟ್ಟಿಲ ಚಿಂತೆಯಿಂದ ಬಂದ ಬೆವರಲ್ಲ ಅದು. ಇನ್ನೊಂದು ತಿಂಗಳಿಗೆ ಈ ಕೂಸನ್ನು ನಾನು ಎತ್ತಿ ಹಾಕಬೇಕಿತ್ತು.

ಮನೆಗೆ ಬಂದವಳು ಸುಮ್ಮನೆ ಕೂರಲಿಲ್ಲ. ಅಡುಗೆ ಮನೆಯಲ್ಲಿ ಒಂದು ಕರಬೂಜ ಇತ್ತು, ಮಗ ಸಂತೆಯಿಂದ ತಂದದ್ದು. ಅದನ್ನು ಅಂಗಳಕ್ಕೆ ತಂದು, ಆಚೀಚೆ ನೋಡಿ, ಮೇಲಕ್ಕೆ ಹಾರಿಸಿದೆ. ಕೈ ಚಾಚಿ ನಿಂತೆ. ಅದು ಬಂತು ಅನ್ನುವಷ್ಟರಲ್ಲಿ ನನ್ನ ಕೈಯ ಆಚೆ ಬದಿಯಿಂದ ಇಳಿದು ಕಲ್ಲಿನ ಮೇಲೆ ಬಿತ್ತು. ಬೀಜ, ತಿರುಳು ಎಲ್ಲ ನನ್ನ ಕಾಲ ಮೇಲೆ ಸಿಡಿಯಿತು. ಆ ಸದ್ದಿಗೆ ನಿಗಾರ್ ಓಡಿ ಬಂದಳು.

"ಅಮ್ಮೀ, ಕರಬೂಜ ನಿಮಗೇನು ಮಾಡಿತ್ತು?"

ಒಳಗೆ ಹೋಗಿ ದಿಂಬನ್ನು ಸುರುಳಿ ಸುತ್ತಿ, ಹಗ್ಗ ಕಟ್ಟಿ ತಂದೆ. ಅದನ್ನೂ ಹಾರಿಸಿದೆ. ಅದೂ ಬಿತ್ತು. ಮತ್ತೊಮ್ಮೆ ಹಾರಿಸಿದೆ, ಬೆರಳ ತುದಿಗೆ ತಾಗಿ ಬಿತ್ತು. ನಿಗಾರ್‌ಳ ಮುಖದ ಮೇಲಿನ ನಗು ಹೋಯಿತು. ಅವಳು ಜಾಣೆ, ಹೆಚ್ಚು ಹೇಳಬೇಕಾಗಿಲ್ಲ. ದಿಂಬನ್ನು ಎತ್ತಿ ಧೂಳು ಕೊಡವುತ್ತ, "ನಾಳಿಗೇ ರಾಯಚೂರಿಗೆ ಹೋಗೂಣ," ಅಂದಳು.

"ನಾಳಿಗೆ ಕೂಸಿನ ನೀರು?"

"ಒಂದಿನ ಬಿಟ್ಟರ ಕೂಸೇನು ಕೊಳೀತದೇನು? ಸುಮ್ಕ ನಡೀರಿ."

ರಾಯಚೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದರೆ ಕಾಲುವೆಯ ಬದಿಯ ಮರಗಳೆಲ್ಲ ಏನೇನೋ ಸರ್ಕಸ್ಸು ಮಾಡುತ್ತಿದ್ದವು. ನೋಡಲಾಗದೆ ಕಣ್ಣು ಮುಚ್ಚಿಬಿಟ್ಟೆ. ಆಸ್ಪತ್ರೆಯಲ್ಲಿ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ. ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ನಾನು ತೊಟ್ಟಿಲ ಕಥೆ ಹೇಳಿದರೆ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ತೆಗೆದು, ದಾರ ಹಿಡಿದು ನನ್ನ ಮುಂದೆ ಎಡಕ್ಕೂ ಬಲಕ್ಕೂ ತೂಗಿದಳು.

"ಹೇಗೆ ಕಾಣತ್ತೆ ಅಮ್ಮಾ?"

"ದುಂಡಗ."

"ಈಗ ಒಂದು ಕಣ್ಣು ಮುಚ್ಚಿ."

"ಈಗ ನೆಟ್ಟಗ. ಅದನ್ನೇ ಹೇಳಾಕತ್ತೀನಲ್ಲವ್ವಾ!"

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ನೋಡಿ, ಎರಡು ಕಣ್ಣು ಒಂದೇ ವಸ್ತುವನ್ನು ಬೇರೆ ಬೇರೆ ಜಾಗದಿಂದ ನೋಡ್ತವೆ. ಆ ಎರಡನ್ನೂ ಕೂಡಿಸಿ, ಇದು ಹತ್ತಿರ, ಇದು ದೂರ ಅಂತ ಮಿದುಳು ತಿಳ್ಕೊಳ್ಳತ್ತೆ. ನಿಮ್ಮ ಬಲಗಣ್ಣು ಕಂಡದ್ದನ್ನು ಕೂಡಲೇ ಹೇಳತ್ತೆ. ಎಡಗಣ್ಣಲ್ಲಿ ಪೊರೆ ಇದೆ, ಅದರ ಸುದ್ದಿ ಒಂದು ಗಳಿಗೆ ತಡವಾಗಿ ಬರತ್ತೆ. ತೊಟ್ಟಿಲು ಇಲ್ಲಿದೆ ಅಂತ ಒಂದು ಕಣ್ಣು ಹೇಳುವಾಗ, ಇನ್ನೊಂದು ಸ್ವಲ್ಪ ಹಿಂದೆ ಇದ್ದ ಜಾಗ ತೋರಿಸ್ತಾ ಇರತ್ತೆ. ನಿಂತ ವಸ್ತುವಾದರೆ ತಡವಾದ್ರೂ ಅದೇ ಜಾಗ. ಚಲಿಸೋದಾದರೆ ಎರಡು ಜಾಗ. ಎರಡನ್ನೂ ಹೊಂದಿಸೋಕೆ ಹೋಗಿ ಮಿದುಳು ಅದನ್ನ ಹತ್ತಿರಕ್ಕೋ ದೂರಕ್ಕೋ ತಳ್ಳತ್ತೆ. ಅದಕ್ಕೇ ದುಂಡಗೆ."

"ಹಂಗಾರ ಕಪ್ಪಿಗೆ ಚಹಾ ಸುರೂವಾಗ? ಕಪ್ಪು ನಿಂತಿರ್ತದಲ್ಲ," ಎಂದು ನಿಗಾರ್ ನಡುವೆ ಬಾಯಿ ಹಾಕಿದಳು.

"ಅದಕ್ಕೂ ಎರಡು ಕಣ್ಣು ಸಮ ಇರಬೇಕು. ಒಂದು ಮಸುಕಾದರೆ ಅಳತೆ ಸಿಗಲ್ಲ," ಅಂದಳು ಡಾಕ್ಟರ್. "ಎಡಗಣ್ಣಿಗೂ ಮಾಡಿಸ್ಕೊಳ್ಳಿ, ಬಹಳ ಮಟ್ಟಿಗೆ ಸರಿಹೋಗತ್ತೆ. ಏನು ಕೆಲಸ ಮಾಡ್ತೀರಿ?"

ಹೇಳಿದೆ. ಎತ್ತಿ ಹಾಕುವುದನ್ನೂ ಹೇಳಿದೆ. ಅವಳ ಮುಖ ಬಿಳಿಚಿತು. "ಬೇಡಮ್ಮಾ, ಬೇಡವೇ ಬೇಡ. ಕಣ್ಣು ಸರಿ ಇದ್ದವರೂ ಮಾಡಬಾರದು ಅದನ್ನ," ಅಂದಳು. ಸಿಟ್ಟು ಬಂತು ನನಗೆ. ನಿನ್ನ ವಯಸ್ಸಿನ ಎರಡರಷ್ಟು ವರ್ಷದಿಂದ ಮಾಡುತ್ತಿದ್ದೇನೆ ಎಂಬ ಮಾತು ಬಾಯಿವರೆಗೂ ಬಂದಿತ್ತು. ನಿಗಾರ್ ತೊಡೆ ಚಿವುಟಿದಳು, ಸುಮ್ಮನಾದೆ. ಆಪರೇಷನ್‌ಗೆ ಯಾವತ್ತು ಬೇಕಾದರೂ ಬನ್ನಿ ಅಂದರು. ದೇವದುರ್ಗದ ಬೀಗರು ಬಂದು ಹೋಗಲಿ, ಆಮೇಲೆ ನೋಡೋಣ ಎಂದು ನಾನು ಎದ್ದೆ.

ಯಾಕೆಂದರೆ ಆಗಲೇ ದಿನ ಗೊತ್ತಾಗಿತ್ತು. ಸೊಸೆಯನ್ನೂ ಕೂಸನ್ನೂ ಕರೆದೊಯ್ಯಲು ಐಶ್ವರ್ಯಳ ಅತ್ತೆ ಗೋಪಮ್ಮ ದೇವದುರ್ಗದಿಂದ ಬರುವವರಿದ್ದರು. ಅವರ ಮುಂದೆಯೇ ಎತ್ತಿ ಹಾಕಬೇಕು ಎಂದು ಬಸವಂತಮ್ಮನವರ ಆಸೆ. "ನಮ್ಮ ಮಾನ್ವಿ ರಂಜಾನಬಿ ಅಂದ್ರ ಏನಂತ ಬೀಗತಿ ನೋಡಲಿ," ಎಂದು ದಿನವೂ ಹೇಳುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ನೀರು ಸುರಿಯುವಾಗ ಮಾತ್ರ ತಂಬಿಗೆಯನ್ನು ಕೂಸಿನ ಬೆನ್ನಿಗೆ ತಾಗಿಸಿಯೇ ಸುರಿಯುತ್ತಿದ್ದೆ. ಹದ ನೋಡಲು ಮೊಣಕೈವರೆಗೂ ಕೈ ಅದ್ದುತ್ತಿದ್ದೆ. ಮುಂಚಿನ ಅರ್ಧ ಗಂಟೆಯ ಕೆಲಸಕ್ಕೆ ಈಗ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು. ಮನೆಗೆ ಬಂದು ಬಿದ್ದರೆ ರೊಟ್ಟಿ ಮುರಿಯಲೂ ಕೈ ಏಳುತ್ತಿರಲಿಲ್ಲ.

ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನನಗೆ ಭಯವಾಗಿತ್ತು. ಕೂಸಿಗೆ ಏನಾದರೂ ಆದರೆ ಎಂಬ ಭಯ ಒಂದು. ಆಗುವುದಿಲ್ಲ ಎಂದು ಬಾಯಿಬಿಟ್ಟರೆ ರಂಜಾನಬಿಯ ಕೈ ಹೋಯಿತು ಎಂದು ಸಂಜೆಯೊಳಗೆ ಮಾನ್ವಿಯಲ್ಲೆಲ್ಲ ಸುದ್ದಿಯಾಗುತ್ತದಲ್ಲ, ಆ ಭಯ ಇನ್ನೊಂದು. ಬೆಳಗಾದರೆ ಸಾಕಪ್ಪಾ ಸಾಕು ಅನ್ನುವವಳು ನಾನೇ. ಆದರೆ ಯಾರೂ ಬಾಗಿಲಿಗೆ ಬಂದು ನಿಲ್ಲದ ದಿನ ಬಂದರೆ ಏನು ಮಾಡಲಿ ಎಂದು ನೆನೆದು ರಾತ್ರಿ ಎದ್ದು ಕೂರುತ್ತಿದ್ದೆ.

ಎಡಗಣ್ಣು ಮುಚ್ಚಿ ದಿಂಬು ಹಾರಿಸುವುದನ್ನು ಮನೆಯಲ್ಲಿ ಕದ್ದುಮುಚ್ಚಿ ಕಲಿತೆ. ಬಲಗಣ್ಣೊಂದೇ ತೆರೆದರೆ ದಿಂಬು ಅತ್ತಿತ್ತ ಸರಿಯುತ್ತಿರಲಿಲ್ಲ. ಎಷ್ಟು ಹತ್ತಿರ ಬಂತು ಅನ್ನುವುದನ್ನು ಮಾತ್ರ ಅಂದಾಜಿನ ಮೇಲೆ ಹಿಡಿಯಬೇಕಾಗಿತ್ತು. ಹಿಡಿದೆ. ಬಹಳ ಸಲ ಕೈಗೆ ಸಿಕ್ಕಿತು. ಬಹಳ ಸಲ ಅಂದೆ, ಎಲ್ಲ ಸಲ ಅನ್ನಲಿಲ್ಲ.

ಗೋಪಮ್ಮ ಬಂದ ದಿನ ಬಿಸಿಲು ಬೆಳಿಗ್ಗೆಯೇ ಸುಡುತ್ತಿತ್ತು. ದಪ್ಪನೆಯ ಹೆಂಗಸು, ಹಣೆ ತುಂಬ ವಿಭೂತಿ, ಕೂತ ಕುರ್ಚಿಯಿಂದ ಏಳದೆ ಇಡೀ ಮನೆಯನ್ನು ನಡೆಸಬಲ್ಲವಳು. ನಾನು ಕೂಸಿಗೆ ಎರೆದು, ಹೊಗೆ ಹಿಡಿದು, ಪಡಸಾಲೆಗೆ ಎತ್ತಿ ತಂದೆ. ಕೂಸು ನಿದ್ದೆ ಮಾಡಿರಲಿಲ್ಲ. ಎಣ್ಣೆ ಹಚ್ಚಿದ ಮುಖ ಫಳಫಳ ಹೊಳೆಯುತ್ತಿತ್ತು, ನನ್ನ ಮೂಗುಬೊಟ್ಟನ್ನು ಹಿಡಿಯಲು ನೋಡುತ್ತಿತ್ತು.

"ಇದೇನು, ರಂಜಾನಬಿ ಅಂದ್ರ ನೀನೇನು?" ಗೋಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಹೆಸರು ದೇವದುರ್ಗದಾಗೂ ಕೇಳೀವಿ. ಹಾಕು ನೋಡೂಣ. ನಮ್ಮ ಮನಿ ಹೆಣ್ಣು ಗಂಡೆದಿ ಇರಬೇಕು, ಅಂಜುಬುರುಕಿ ಆಗಬಾರದು."

"ಹಾಕ್ತಾಳ ಹಾಕ್ತಾಳ, ನೀವು ತೊಲಿ ಕಡಿ ನೋಡ್ಕೊಂತ ಇರ್ರಿ," ಎಂದು ಬಸವಂತಮ್ಮನವರು ಹಿಗ್ಗಿದರು. ಐಶ್ವರ್ಯ ಅಡುಗೆ ಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು.

ನಾನು ಪಡಸಾಲೆಯ ನಡುವೆ ನಿಂತು ಎಡಗಣ್ಣು ಮುಚ್ಚಿದೆ. ಕೂಸಿನ ಕಂಕುಳಿಗೆ ಕೈ ಕೊಟ್ಟು ತಲೆಯ ಮೇಲಕ್ಕೆ ಎತ್ತಿದೆ. ಅದು ಕಾಲು ಬಡಿದು ಕೇಕೆ ಹಾಕಿತು. ಮುಖ ನೆಟ್ಟಗೆ ಕಾಣುತ್ತಿತ್ತು. ಹಾಕಬಹುದು ಅನ್ನಿಸಿತು. ಹಾಕಿದರೆ ಬಹುತೇಕ ಸಿಗುತ್ತದೆ ಅನ್ನಿಸಿತು. ಬಹುತೇಕ! ಆ ಮಾತು ತಲೆಗೆ ಬಂದದ್ದೇ ತಡ, ಕರಬೂಜ ನೆಲಕ್ಕೆ ಬಿದ್ದ ಸದ್ದು ಕಿವಿಯಲ್ಲಿ ಕೇಳಿತು. ಕೂಸನ್ನು ಇಳಿಸಿ ಎದೆಗೆ ಒತ್ತಿಕೊಂಡೆ. ಅಲ್ಲೇ ನೆಲದ ಮೇಲೆ ಕೂತೆ.

"ಯಾಕ, ಏನಾತು?" ಬಸವಂತಮ್ಮನವರು ಎದ್ದು ಬಂದರು.

"ಆಗೂದಿಲ್ರೀ ಅಕ್ಕಾರ. ನನ್ನ ಕಣ್ಣು ಸರಿ ಇಲ್ಲ. ಒಂದು ಕಣ್ಣು ಕಾಣ್ತದ, ಒಂದು ಮಬ್ಬಾಗೇದ, ಎರಡೂ ಕೂಡಿ ಕೂಸು ಎಲ್ಲದ ಅಂತ ನನಗ ಹೇಳವಲ್ಲವು. ರಾಯಚೂರಿಗೆ ಹೋಗಿ ತೋರಿಸ್ಕೊಂಡು ಬಂದೀನಿ. ನಿಮಗ ಹೇಳಲಿಲ್ಲ, ನಾಚಿಕಿ ಬಂತು. ನಾ ಹಾಕಂಗಿಲ್ಲ."

ಬಸವಂತಮ್ಮನವರ ಮುಖ ಕೆಂಪಾಯಿತು. ಬೀಗತಿಯ ಮುಂದೆ ಮರ್ಯಾದೆ ಹೋಯಿತು ಎಂದು ಅವರಿಗೆ ಅನ್ನಿಸಿದ್ದು ನನಗೆ ತಿಳಿಯಿತು. ಗೋಪಮ್ಮ ನಾಲಿಗೆ ಲೊಚಗುಟ್ಟಿದರು.

"ಇಷ್ಟಕ್ಕ ಇಷ್ಟು ಹೊಗಳಿದ್ದೇನು? ಇರಲಿ, ಕೊಡಿಲ್ಲಿ. ನಮ್ಮ ಮನಿ ಕೂಸು, ನಾನೇ ಹಾಕ್ತೀನಿ," ಎಂದು ಕುರ್ಚಿಯಿಂದ ಎದ್ದು ಎರಡೂ ಕೈ ಚಾಚಿದರು.

ಕೊಡಬೇಕೋ ಬಿಡಬೇಕೋ ನನಗೆ ತಿಳಿಯಲಿಲ್ಲ. ಕೂಸು ಅವರದು, ನಾನು ಎರೆಯುವವಳು. ಅಷ್ಟರಲ್ಲಿ ಐಶ್ವರ್ಯ ಬಾಗಿಲಿನಿಂದ ಓಡಿ ಬಂದಳು. ನನ್ನ ಎದೆಯಿಂದ ಕೂಸನ್ನು ಕಿತ್ತುಕೊಂಡಳು ಅನ್ನಬೇಕು, ಅಷ್ಟು ಗಡಿಬಿಡಿಯಲ್ಲಿ ತೆಗೆದುಕೊಂಡಳು. ಬೆನ್ನು ಗೋಡೆಗೆ ತಾಗುವವರೆಗೂ ಹಿಂದಕ್ಕೆ ಸರಿದಳು.

"ಯಾರೂ ಹಾಕೂದು ಬ್ಯಾಡ್ರೀ ಅತ್ತೀ," ಅಂದಳು. "ಅಂಜುಬುರುಕಿ ಆದ್ರ ಆಗಲಿ. ನನಗ ಅಂಜುಬುರುಕಿನೇ ಇರಲಿ."

"ಏ ಹುಚ್ಚಿ, ಎಲ್ಲಾರೂ ಹಾಕಿಸ್ತಾರ..."

"ಹಾಕಿಸ್ಲಿ. ನೀವು ಬರೋ ದಿನ ಗೊತ್ತಾದಾಗಿಂದ ನನಗ ಅನ್ನ ಇಳದಿಲ್ಲ. ಇವತ್ತು ಜ್ವರ ಬರಲಿ, ಮಳಿ ಬರಲಿ, ಏನರ ಬಂದು ಇದು ತಪ್ಪಲಿ ಅಂತ ದೇವರಿಗೆ ಕೈ ಮುಗಿದೀನಿ." ಅವಳು ಅಳತೊಡಗಿದಳು. ನನ್ನ ಕಡೆ ತಿರುಗಿ, "ಯವ್ವಾ, ನಿನಗ ಪುಣ್ಯ ಬರಲಿ," ಅಂದಳು.

ಗೋಪಮ್ಮ ಚಾಚಿದ ಕೈಗಳನ್ನು ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು, ಆಮೇಲೆ ಸೆರಗು ಸರಿಮಾಡಿಕೊಂಡು ಕೂತರು. ಊಟದ ಹೊತ್ತಾಯಿತು ಅಂದರು. ಅಷ್ಟೆ. ಆಮೇಲೆ ಆ ಮಾತು ಎತ್ತಲಿಲ್ಲ.

ನಾನು ಎದ್ದು ಬಚ್ಚಲಿಗೆ ಹೋದೆ. ಮಣೆ ತೊಳೆದು ಗೋಡೆಗೆ ಒರಗಿಸಿದೆ. ಎಣ್ಣೆಯ ಬಟ್ಟಲು, ಹಿಟ್ಟಿನ ಬಟ್ಟಲು ತೊಳೆದೆ. ಬಸವಂತಮ್ಮನವರು ಬಂದು ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಅಂದುಕೊಂಡೆ. ಬೈದರೆ ಬೈಸಿಕೊಳ್ಳುವ ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

"ನನ್ನ ಕೈ ಹೋತು ಅಕ್ಕಾರ. ಇನ್ನ ಯಾರೂ ಕರೆಯೂದಿಲ್ಲ," ಅಂದೆ. "ಐಶ್ವರ್ಯ ಹಂಗ ಅಂಜ್ಯಾಳಂತ ನನಗ ಗೊತ್ತೇ ಇರಲಿಲ್ಲ. ನೀವಾದ್ರ ಗಟ್ಟಿ ಇದ್ರಿ. ಆಕಿನ್ನ ನಾ ತೊಲಿಮಟ ಹಾರಿಸಿದಾಗ ನೀವು ಅಲ್ಲೇ ನಕ್ಕೊಂತ ನಿಂತಿದ್ರಿ. ನನಗಿನ್ನೂ ನೆನಪದ."

ಬಸವಂತಮ್ಮನವರು ಪಡಸಾಲೆಯ ಕಡೆಗೊಮ್ಮೆ ತಿರುಗಿ ನೋಡಿದರು. ಬೀಗತಿ ದೂರದಲ್ಲಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ಒಳಗೆ ಬಂದು, ನನ್ನ ಪಕ್ಕದ ಒದ್ದೆ ಕಲ್ಲಿನ ಮೇಲೆ ಕೂತರು.

"ನಕ್ಕೊಂತ ನಿಂತಿದ್ದೆ, ಖರೆ. ನಮ್ಮತ್ತಿ ಬಾಜೂಕೇ ಇದ್ರು, ನಗದೇ ಏನು ಮಾಡ್ಲಿ?" ಅಂದರು. "ಆದ್ರ ಕಣ್ಣು ಮುಚ್ಚಿದ್ದೆ, ರಂಜಾನಬಿ. ಮೂರೂ ಸಲ. ಕೂಸಿನ ದನಿ ಕೇಳಿದ ಮ್ಯಾಲೇ ಕಣ್ಣು ತೆಗದೆ. ನೀ ಎತ್ತಿ ಹಾಕಿದ್ದು ನಾ ನೋಡೇ ಇಲ್ಲ."

ತೊಳೆದ ಬಟ್ಟಲು ನನ್ನ ಕೈಯಲ್ಲೇ ಇತ್ತು. ಯಾವ ಯಾವ ಮನೆ, ಯಾವ ಯಾವ ತಾಯಿ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಕೂಸುಗಳ ಮುಖವೆಲ್ಲ ನೆನಪಿಗೆ ಬಂದವು, ಮೇಲಿಂದ ಇಳಿದು ಬರುವ ಮುಖಗಳು. ಬಾಗಿಲಲ್ಲಿ ನಿಂತ ತಾಯಂದಿರ ಮುಖ ಒಂದೂ ಬರಲಿಲ್ಲ. ಆ ಕಡೆ ನಾನು ನೋಡಿದ್ದರೆ ತಾನೇ.